ಅಕ್ಕನಿಗೆಂದು ಬಿಡಿಸಿದ ಮನೆ

ದುಬೈಯಲ್ಲಿ ಮಳೆ ಬಂದರೆ ಜನ ಬಾಲ್ಕನಿಗೆ ಬಂದು ಫೋಟೊ ತೆಗೆಯುತ್ತಾರೆ. ಸಾಮಾನ್ಯವಾಗಿ ಫೋಟೊ ತೆಗೆದು ಮುಗಿಯುವುದರೊಳಗೆ ಮಳೆಯೂ ಮುಗಿದಿರುತ್ತದೆ. 2019ರ ಡಿಸೆಂಬರಿನ ಆ ಶುಕ್ರವಾರದ್ದು ಅಂಥ ಮಳೆಯಲ್ಲ. ಊಟದ ಹೊತ್ತಿಗೆ ಹಿಡಿದದ್ದು ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಇಂಟರ್‌ನ್ಯಾಷನಲ್ ಸಿಟಿಯ ಒಳರಸ್ತೆಗಳಲ್ಲಿ ನೀರು ತುಂಬಿ ಕಾರುಗಳು ನಿಂತಲ್ಲೇ ನಿಂತವು. ಮಗ್ದಲೀನ್ ಆಂಟಿಯ ಮನೆಗೆ ಊಟಕ್ಕೆ ಬಂದಿದ್ದ ತಮ್ಮನ ಮಕ್ಕಳಿಬ್ಬರು, ಶಾನ್ ಮತ್ತು ಮೆಲಿಸ್ಸಾ, ಅಂದೇ ಅಬುಧಾಬಿಗೆ ಹಿಂದಿರುಗುವ ಆಸೆ ಬಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕುಳಿತರು. ಎದುರು ಮನೆಯ ಪ್ಯಾಟ್ರಿಶಿಯಾ ಒಬ್ಬಳೇ ಕೂರಲು ಬೇಸರವೆಂದು ಚಹಾದ ಲೋಟ ಹಿಡಿದುಕೊಂಡೇ ಬಂದಳು.

ಮಾತು ಮನೆಯ ಕಡೆ ತಿರುಗಿಸಿದವನು ಶಾನ್. ಅವನು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ತಂಗಿ ಮೆಲಿಸ್ಸಾಳಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಸೇರಿರಲಿಲ್ಲ.

“ಆಂಟಿ, ಮಾರ್ಚ್‌ನಲ್ಲಿ ನೀವು ಊರಿಗೆ ಹೋದ್ಮೇಲೆ ಈ ಫ್ಲ್ಯಾಟನ್ನು ಸುಮ್ಮನೆ ಇಡ್ಬಾರ್ದು. ಒಳ್ಳೆ ಫರ್ನಿಚರ್ ಹಾಕಿ ಟೂರಿಸ್ಟ್‌ಗಳಿಗೆ ದಿನದ ಲೆಕ್ಕದಲ್ಲಿ ಕೊಟ್ರೆ ರಿಟರ್ನ್ ಡಬಲ್ ಆಗ್ತದೆ. ಡ್ಯಾಡಿಗೂ ಹೇಳಿದ್ದೇನೆ.”

“ಡ್ಯಾಡಿ ಎಂತ ಹೇಳಿದ?”

“ಏನೂ ಇಲ್ಲ. ಆಂಟಿಯನ್ನು ಕೇಳು ಅಂದ್ರು.”

ಆಂಟಿ ನಕ್ಕರು. ಮೂವತ್ತು ವರ್ಷ ಹೋಟೆಲಿನ ಬಟ್ಟೆ ಕೋಣೆಯಲ್ಲಿ ಹಾಸಿಗೆ ಹೊದಿಕೆ ಮಡಚಿದ ಕೈ ಅದು. ಮಾತಾಡುವಾಗಲೂ ಸುಮ್ಮನಿರದೆ ಮಡಿಲಿನ ಟವೆಲನ್ನು ನಾಲ್ಕು ಮಡಿಕೆ ಮಾಡುತ್ತಿತ್ತು.

“ನಿನ್ನ ಡ್ಯಾಡಿಗೆ ಕೂಡ ಒಮ್ಮೆ ಈ ರಿಟರ್ನಿನ ಜ್ವರ ಬಂದಿತ್ತು ಮಗಾ... ನೀವಿಬ್ರೂ ಆಗ ಮಂಗಳೂರಲ್ಲಿ ಓದ್ತಾ ಇದ್ರಿ. ನಿಮಗೆ ಯಾರೂ ಹೇಳಿರ್ಲಿಕ್ಕಿಲ್ಲ. ನನಗೆ ಅವನೇ ಹೇಳಿದ್ದು, ಒಂದೂ ಬಿಡದೆ. ಇವತ್ತು ಹೇಗೂ ನೀವು ಎಲ್ಲಿಗೂ ಹೋಗುವ ಹಾಗಿಲ್ಲ. ಕೇಳಿ.”

ಹಾಗೆ ಆಂಟಿ ತಮ್ಮನ ಕತೆ ಶುರುಮಾಡಿದರು.

ವಿಲ್ಫ್ರೆಡ್ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಸ್ಟೋರ್ ಕೀಪರ್. ಹೆಂಡತಿ ಗ್ರೇಸಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. 2009ರಲ್ಲಿ ದುಬೈಯಲ್ಲಿ ಮನೆಗಳ ಬೆಲೆ ನೆಲ ಕಚ್ಚಿದಾಗ, ಊರಿನವರೆಲ್ಲ ಬೇಡ ಬೇಡವೆಂದರೂ ಕೇಳದೆ, ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಈ ಒಂದು ಬೆಡ್‌ರೂಮಿನ ಮನೆಯನ್ನು ಕೊಂಡಿದ್ದ. ತಾನು ಇರಲಿಕ್ಕಲ್ಲ, ಬಾಡಿಗೆಗೆ. ವಯಸ್ಸಾದ ಮೇಲೆ ಇದೇ ನಮ್ಮ ಪೆನ್ಶನ್ ಎಂದು ಹೆಂಡತಿಗೆ ಹೇಳಿದ್ದ.

ಮೊದಲ ಬಾಡಿಗೆದಾರರಾಗಿ ಬಂದವರು ಉಪ್ಪಿನಂಗಡಿ ಕಡೆಯ ಮರಿಯಮ್ ಬೀವಿ ಮತ್ತು ಬಾವ ಎಂಬ ಹೆಸರಿನ ಅವರ ಮಗ. ಬಾವ ದುಬೈಯ ಅಲ್ ಮುರಕ್ಕಬಾತಿನ ಒಂದು ಔಷಧದಂಗಡಿಯ ವ್ಯಾನು ಓಡಿಸುತ್ತಿದ್ದ. ಮದುವೆಯಾಗದ ಮಗ, ಗಂಡನಿಲ್ಲದ ತಾಯಿ, ಒಬ್ಬರಿಗೊಬ್ಬರು. ಆ ಮುದುಕಿ ಬಾಡಿಗೆ ಮನೆಯನ್ನು ನೋಡಿಕೊಂಡ ರೀತಿ... ಸ್ವಂತ ಮನೆಯನ್ನು ಎಷ್ಟು ಜನ ಹಾಗೆ ನೋಡಿಕೊಳ್ಳುತ್ತಾರೆ? ಬಾಗಿಲಿನ ತಿರುಗಣೆಗಳಿಗೆ ಎಣ್ಣೆ ಹಾಕುವರು. ಮರಳುಗಾಳಿ ಎದ್ದ ದಿನ ಅಡುಗೆಮನೆಯ ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕುವರು. ಗೀಸರಿನ ಸ್ವಿಚ್ ಹಾಕಿದರೆ ಫ್ರಿಜ್ ನಿಲ್ಲುತ್ತದೆಂದು, ಒಂದನ್ನು ಆರಿಸಿ ಇನ್ನೊಂದನ್ನು ಹಾಕುವರು. ಅದಕ್ಕಾಗಿ ಒಮ್ಮೆಯೂ ವಿಲ್ಫ್ರೆಡನಿಗೆ ಫೋನು ಮಾಡಿದವರಲ್ಲ. ಅವನು ಯಾವಾಗಲಾದರೂ ಬಂದರೆ, ಊರಲ್ಲಿ ಕ್ರಿಸ್ತಿಯನ್ನರನ್ನು ಕರೆಯುವ ಹಾಗೆ ‘ಪೊರ್ಬುಗಳೇ’ ಎಂದು ಕರೆದು, ಅಕ್ಕಿಯ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಬಡಿಸದೆ ಕಳಿಸಿದವರೇ ಅಲ್ಲ.

ಹೀಗೆ ನಾಲ್ಕು ವರ್ಷ. ಆಮೇಲೆ 2013ರ ಕೊನೆಗೆ ದುಬೈಗೆ ಎಕ್ಸ್‌ಪೋ ವಿಶ್ವಮೇಳ ಬರುತ್ತದೆಂದು ಸುದ್ದಿಯಾಯಿತು; ಬಾಡಿಗೆಗಳು ಮೊದಲೇ ಏರುತ್ತಿದ್ದವು, ಈಗ ಓಡತೊಡಗಿದವು. ಪಕ್ಕದ ಕಟ್ಟಡದ ಇಂಥದೇ ಮನೆ ಎರಡು ಪಟ್ಟಿಗೆ ಹೋಯಿತೆಂದು ಕೇಳಿ ವಿಲ್ಫ್ರೆಡನಿಗೆ ಅನ್ನ ಸೇರದಾಯಿತು. ಏಜೆಂಟ್ ಹೇಳಿದ, ಹಳಬರು ಇರುವವರೆಗೆ ನೀವು ಬಾಡಿಗೆ ಹೆಚ್ಚು ಏರಿಸುವ ಹಾಗಿಲ್ಲ, ಮನೆಯವರ ವಾಸಕ್ಕೇ ಬೇಕು ಎಂದು ಹೇಳಿ ಬಿಡಿಸಿ, ಟೈಲ್ಸ್ ಬದಲಿಸಿ, ಹೊಸ ಎ.ಸಿ. ಹಾಕಿ, ಆಮೇಲೆ ನೋಡಿ.

ಒಂದು ಶುಕ್ರವಾರ ವಿಲ್ಫ್ರೆಡ್ ಹೋದ. ಪತ್ತಿರ್ ತಿಂದ. ಕೈ ತೊಳೆದುಕೊಂಡು ಬಂದು ಹೇಳಿದ.

“ಮರಿಯಮಕ್ಕ, ಒಂದು ವಿಷಯ ಇತ್ತು. ನನ್ನ ಅಕ್ಕನಿಗೆ ಈ ಮನೆ ಬೇಕಾಗಿದೆ. ಅವಳಿಗೆ ಇರ್ಲಿಕ್ಕೆ ಸರಿಯಾದ ಜಾಗ ಇಲ್ಲ.”

ಕಾನೂನು ತಿಳಿದವರನ್ನು ಕೇಳಿದ್ದರೆ, ಅಕ್ಕನ ಹೆಸರು ಹೇಳಿ ಹೀಗೆ ಬಿಡಿಸಲಾಗದೆಂದು ಹೇಳುತ್ತಿದ್ದರೇನೋ. ಆದರೆ ಮರಿಯಮ್ ಬೀವಿ ಯಾರನ್ನೂ ಕೇಳಲಿಲ್ಲ.

“ಒಡಹುಟ್ಟಿದವರಿಗೆ ಅಂತ ಹೇಳಿದ ಮೇಲೆ ನಾವು ಅಡ್ಡ ಬರುದುಂಟಾ ಪೊರ್ಬುಗಳೇ? ಅವರು ಬಂದ ದಿನ ನನಗೆ ಹೇಳಿ. ಈ ಮನೆಗೆ ಒಂದೆರಡು ಕೆಟ್ಟ ಅಭ್ಯಾಸ ಉಂಟು. ಅದನ್ನು ಅವರಿಗೆ ಹೇಳಿಕೊಡ್ಬೇಕು.”

“ಈಗ ಇಲ್ಲಿ ಒಂದು ಮಾತು ನೀವು ತಿಳ್ಕೊಳ್ಬೇಕು,” ಎಂದು ಆಂಟಿ ಟವೆಲನ್ನು ಬಿಡಿಸಿ ಮತ್ತೆ ಮಡಚತೊಡಗಿದರು. “ವಿಲ್ಫ್ರೆಡ್ ಹೇಳಿದ್ದರಲ್ಲಿ ಅರ್ಧ ಸುಳ್ಳು, ಅರ್ಧ ಸತ್ಯ. ಅವನಿಗೆ ಅಕ್ಕ ಇದ್ದದ್ದು ಸತ್ಯ. ಅವಳಿಗೆ ಸರಿಯಾದ ಜಾಗ ಇಲ್ಲದ್ದೂ ಸತ್ಯ... ಮುರಕ್ಕಬಾತಿನಲ್ಲಿ ಒಂದು ರೂಮಿಗೆ ಆರು ಹೆಂಗಸರು, ಮಂಚದ ಮೇಲೆ ಮಂಚ, ನನ್ನದು ಮೇಲಿನದ್ದು. ಹದಿನೇಳು ವರ್ಷ. ನಾನು ದೂರು ಹೇಳಿದವಳಲ್ಲ, ಅವನು ಕೇಳಿದವನೂ ಅಲ್ಲ. ಅವನಿಗೆ ಮೊದಲ ವೀಸಾ ಮಾಡಿಸಿ ಈ ದೇಶಕ್ಕೆ ತಂದದ್ದು ನಾನೇ. ಆದ್ರೂ ನನ್ನ ಹೆಸರು ಹೇಳಿ ಮನೆ ಬಿಡಿಸುವಾಗ ಅವನಿಗೆ ನನ್ನ ನೆನಪು ಬರ್ಲಿಲ್ಲ ನೋಡಿ.”

ಶಾನ್ ಫೋನನ್ನು ಮಗುಚಿಟ್ಟ.

ಕರಾರು ಮುಗಿದ ತಿಂಗಳು ತಾಯಿ ಮಗ ಮನೆ ಬಿಟ್ಟರು. ಆ ವರ್ಷದ ಬಾಡಿಗೆಗಳಲ್ಲಿ ಬಾವನಿಗೆ ಬೇರೆ ಮನೆ ಎಟುಕಲಿಲ್ಲ. ಅವನು ಹಲವರು ಹಂಚಿಕೊಂಡ ರೂಮಿನಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದು ತಾಯಿಯನ್ನು ಊರಿಗೆ ಕಳಿಸಿದ. ವಿಲ್ಫ್ರೆಡ್ ಟೈಲ್ಸ್ ಬದಲಿಸಿದ, ಗೋಡೆಗೆ ಕಪಾಟು ಕೂರಿಸಿದ, ಹೊಸ ಎ.ಸಿ. ಹಾಕಿದ. ಉಡುಪಿಯ ಹೊಸ ದಂಪತಿ, ಸುಶಾಂತ್ ಮತ್ತು ಸುಪ್ರೀತಾ, ಕೇಳಿದಷ್ಟು ಬಾಡಿಗೆ ಕೊಟ್ಟು ಬಂದರು. ಅಂದು ವಿಲ್ಫ್ರೆಡ್ ಹೆಂಡತಿಗೆ ಮೀನಿನ ಊಟ ಕೊಡಿಸಿದ.

ಐದನೇ ತಿಂಗಳಿಗೆ ಸುಪ್ರೀತಾಳ ಫೋನು ಬಂತು.

“ಅಂಕಲ್, ನಿಮ್ಮ ಹಳೇ ಬಾಡಿಗೆಯವರ ಹತ್ರ ಇನ್ನೂ ಕೀ ಉಂಟಾ? ಒಬ್ರು ಅಜ್ಜಿ ಬರ್ತಾರೆ. ಮಸೀದಿಯಲ್ಲಿ ಸಂಜೆಯ ಬಾಂಗು ಕೊಡುವ ಮೊದಲು. ನಾನು ರೂಮಿನಿಂದ ಹೊರಗೆ ಬಂದ್ರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರ್ತಾರೆ. ತಲೆಗೆ ಬಿಳಿ ಬಟ್ಟೆ.”

“ಏನಾದ್ರೂ ತೊಂದರೆ ಮಾಡ್ತಾರಾ?”

“ಇಲ್ಲ. ಪೊರ್ಬುಗಳ ಅಕ್ಕ ಬಂದ್ರಾ ಅಂತ ಕೇಳ್ತಾರೆ. ನಾನಲ್ಲ ಅಂದ್ರೆ, ಆಯ್ತು ಮಗಳೇ ಅಂತ ಹೇಳಿ ಹೋಗ್ತಾರೆ. ಆದ್ರೆ ಬಾಗಿಲು ತೆಗೆದು ಹೋಗುದನ್ನು ನಾನು ನೋಡ್ಲೇ ಇಲ್ಲ ಅಂಕಲ್.”

ವಿಲ್ಫ್ರೆಡನಿಗೆ ಸಿಟ್ಟು ಬಂತು. ಮುದುಕಿ ಮತ್ತೆ ದುಬೈಗೆ ಬಂದಿದ್ದಾಳೆ, ಇನ್ನೊಂದು ಕೀ ಇಟ್ಟುಕೊಂಡಿದ್ದಾಳೆ, ತನ್ನ ಸುಳ್ಳನ್ನು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಲೆಕ್ಕ ಹಾಕಿದ. ಬಂದು ಬೀಗವನ್ನೇ ಬದಲಿಸಿದ. ವರ್ಷ ತುಂಬುವ ಮೊದಲೇ ಸುಶಾಂತ್ ಮತ್ತು ಸುಪ್ರೀತಾ ಖಾಲಿ ಮಾಡಿದರು.

ಅವರ ನಂತರ ಬಂದವರು ಇಬ್ಬರು ಫಿಲಿಪೀನೊ ನರ್ಸುಗಳು. ಅವರ ಕತೆ ಇನ್ನೂ ವಿಚಿತ್ರ. ಒಂದು ಸಂಜೆ ಆ ಮುದುಕಿ ತನಗೆ ಬಂದ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ “ಯು, ಸಿಸ್ಟರ್?” ಎಂದು ಕೇಳಿದರು. ನರ್ಸುಗಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದೇ ಹಾಗೆ... ಅವರೂ ಹೌದೆಂದರು. ಅಜ್ಜಿಯ ಮುಖ ಅರಳಿಹೋಯಿತಂತೆ. ಆಮೇಲೆ ದಿನ ತಪ್ಪದೆ ಬಂದು, ಕಿಟಕಿ ತೋರಿಸಿ, ಗೀಸರು ತೋರಿಸಿ, ಅರ್ಥವಾಗದ ಭಾಷೆಯಲ್ಲಿ ಅಷ್ಟು ಅಕ್ಕರೆಯಿಂದ ಹೇಳುತ್ತಿದ್ದರಂತೆ. ಪಕ್ಕದ ಮನೆಯ ಅಜ್ಜಿಯೆಂದೇ ಹುಡುಗಿಯರು ತಿಳಿದಿದ್ದರು. ಹಾಗೇ ತಿಂಗಳುಗಳು ಕಳೆದವು. ಒಂದು ದಿನ ಒಬ್ಬಳು ಪ್ರೀತಿಯಿಂದ ಅಜ್ಜಿಯ ಕೈ ಹಿಡಿಯಲು ಹೋದಳು. ಹಿಡಿಯಲು ಅಲ್ಲಿ ಕೈ ಇರಲಿಲ್ಲ.

ಮರುದಿನವೇ ಅವರು ಪೆಟ್ಟಿಗೆ ಕಟ್ಟಿದರು.

ಈಗ ವಿಲ್ಫ್ರೆಡನಿಗೆ ದಿಗಿಲಾಯಿತು. ಆದರೂ ಮನಸ್ಸಿನ ಒಂದು ಮೂಲೆ, ಯಾರದೋ ಆಟವಿದು, ಹುಡುಗಿಯರು ಸುಮ್ಮನೆ ಹೇಳಿದರು ಎನ್ನುತ್ತಿತ್ತು. 2016ರ ಮಾರ್ಚಿನ ಒಂದು ಬೆಳಗ್ಗೆ ರಜೆ ಹಾಕಿ ನೇರ ಮುರಕ್ಕಬಾತಿಗೆ ಹೋಗಿ, ಔಷಧದಂಗಡಿಯ ಹಿಂದೆ ವ್ಯಾನಿಗೆ ಪೆಟ್ಟಿಗೆ ತುಂಬಿಸುತ್ತಿದ್ದ ಬಾವನನ್ನು ಹಿಡಿದ.

“ಬಾವ, ನಿನ್ನ ತಾಯಿ ಎಲ್ಲಿದ್ದಾರೆ?”

ಬಾವ ಪೆಟ್ಟಿಗೆ ಕೆಳಗಿಟ್ಟ. “ನಿಮಗೆ ಗೊತ್ತಿಲ್ವಾ ವಿಲ್ಫ್ರೆಡಣ್ಣ? ಉಮ್ಮ ತೀರಿಹೋಗಿ ಒಂದೂವರೆ ವರ್ಷ ಆಯ್ತು. ಊರಿಗೆ ಹೋದ ಮೂರನೇ ತಿಂಗಳು.”

ವಿಲ್ಫ್ರೆಡ್ ವ್ಯಾನಿನ ಬಾಗಿಲು ಹಿಡಿದುಕೊಂಡ.

“ಕಾಯಿಲೆ ಅಂತ ಏನೂ ಇರ್ಲಿಲ್ಲ,” ಎಂದ ಬಾವ. “ಅಲ್ಲಿ ಮಾತಾಡ್ಲಿಕ್ಕೆ ಜನ ಇರ್ಲಿಲ್ಲ ಅಷ್ಟೆ. ಫೋನ್ ಮಾಡಿದಾಗೆಲ್ಲ ಒಂದೇ ಪ್ರಶ್ನೆ. ಪೊರ್ಬುಗಳ ಅಕ್ಕ ಬಂದ್ರಾ, ಕಿಟಕಿಯ ವಿಷಯ ಹೇಳಿದಿಯಾ ಅಂತ. ನಾನು ಹೇಳಿದೆ, ಅವರಿಗೆ ಅದೆಲ್ಲ ತಿಳೀತದೆ ಉಮ್ಮ, ಬಿಡಿ ಅಂತ. ಬಿಡ್ಬೇಕಲ್ಲ.” ಅವನು ಸಣ್ಣಗೆ ನಕ್ಕ. “ಚೆನ್ನಾಗಿದ್ದಾರಾ ನಿಮ್ಮ ಅಕ್ಕ?”

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ವಿಲ್ಫ್ರೆಡ್ ಹೇಗೋ ತಡೆದುಕೊಳ್ಳುತ್ತಿದ್ದ. ಅಕ್ಕ ಚೆನ್ನಾಗಿದ್ದಾಳೋ ಇಲ್ಲವೋ... ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಕ್ಕನ ಕಟ್ಟಡ ಅಲ್ಲಿಂದ ಎರಡು ಗಲ್ಲಿ ಆಚೆ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕೊಡಲು ಬಂದಾಗಲೂ ಕೆಳಗಿನಿಂದಲೇ ಫೋನು ಮಾಡಿ ಕರೆಯುತ್ತಿದ್ದವನು, ಅಂದು ಮೊದಲ ಬಾರಿಗೆ ಮೂರು ಮಾಳಿಗೆ ಹತ್ತಿದ. ಬಾಗಿಲು ತೆರೆದವಳು ಯಾರೋ. ಒಳಗೆ ಮೂರು ಜೋಡಿ ಮಂಚ, ನಡುವೆ ಒಬ್ಬರು ನಡೆಯುವಷ್ಟು ದಾರಿ. ಐವತ್ತಾರರ ಅಕ್ಕ ಕಬ್ಬಿಣದ ಏಣಿಯ ಮೇಲೆ ನಿಧಾನವಾಗಿ ಕಾಲಿಡುತ್ತಾ, ಮಂಡಿ ನೋಯುತ್ತಿದ್ದದ್ದರಿಂದ ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು, ಮೇಲಿನ ಮಂಚದಿಂದ ಇಳಿದಳು.

“ಏನು ವಿಲ್ಲಿ, ಈ ಹೊತ್ತಿಗೆ? ಗ್ರೇಸಿ ಹುಷಾರಿದ್ದಾಳಾ?”

“ಬಾಯ್,” ಎಂದ. ಕೊಂಕಣಿಯಲ್ಲಿ ಅಕ್ಕನನ್ನು ಕರೆಯುವ ಶಬ್ದ ಅದು. ಐವತ್ತು ದಾಟಿದ ಗಂಡಸು ಆರು ಹೆಂಗಸರ ಒಗೆದ ಬಟ್ಟೆಗಳ ನಡುವೆ ನಿಂತು ಅತ್ತ. ಆಮೇಲೆ ಎಲ್ಲವನ್ನೂ ಹೇಳಿದ.

“ನಾನು ನಗಾಡಿದೆ,” ಎಂದರು ಆಂಟಿ. “ಅವನಿಗೆ ಬಿಸಿಲು ತಾಗಿದೆ ಅಂತ ಗ್ರಹಿಸಿದ್ದು. ಆದ್ರೆ ಅವನು ನನ್ನ ಚಪ್ಪಲಿಯನ್ನು ತಾನೇ ಕೈಯಲ್ಲಿ ಹಿಡ್ಕೊಂಡು ಹೊರಗೆ ನಡೆದಾಗಿತ್ತು. ಬರಿಗಾಲಲ್ಲಿ ಇಳೀಲಿಕ್ಕೆ ಆಗ್ತದಾ? ಹಿಂದೆಯೇ ಹೋದೆ.”

ಇಬ್ಬರೂ ಟ್ಯಾಕ್ಸಿ ಹಿಡಿದು ಇಂಟರ್‌ನ್ಯಾಷನಲ್ ಸಿಟಿಗೆ ಬಂದರು. ಖಾಲಿ ಮನೆ, ಕೂರಲು ಒಂದು ಕುರ್ಚಿಯೂ ಇಲ್ಲ. ಅಕ್ಕ ತಮ್ಮ ಹೊಸ ಟೈಲ್ಸಿನ ಮೇಲೆ ಗೋಡೆಗೆ ಒರಗಿ ಕುಳಿತು, ದಾರಿಯಲ್ಲಿ ಕೊಂಡ ಪರೋಟ ತಿಂದು, ಚಿಕ್ಕಂದಿನ ಮಾತು ತೆಗೆದರು. ತಾಯಿ ಸತ್ತ ವರ್ಷ, ವಿಲ್ಫ್ರೆಡನಿಗೆ ಟೈಫಾಯಿಡ್ ಬಂದ ವರ್ಷ... ಎಷ್ಟು ಕಾಲವಾಗಿತ್ತು ಹಾಗೆ ಕುಳಿತು ಮಾತಾಡಿ? ಬಿಸಿಲು ಬಾಲ್ಕನಿ ದಾಟಿ ಒಳಗೆ ಬಂತು. ಮಸೀದಿಯ ಮೈಕು ಒಮ್ಮೆ ಕೆಮ್ಮಿದ ಹಾಗೆ ಸದ್ದು ಮಾಡಿತು. ಇನ್ನೂ ಬಾಂಗು ಶುರುವಾಗಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಮರಿಯಮ್ ಬೀವಿ ನಿಂತಿದ್ದರು.

ತಲೆಗೆ ಬಿಳಿ ಬಟ್ಟೆ, ಮಾಸಿದ ಹಸಿರು ಕುಪ್ಪಸ, ಪತ್ತಿರ್ ಬಡಿಸುವಾಗಿನ ಅದೇ ಮುಖ. ಸಂಜೆಗೆಂದು ಮಿಕ್ಕಿಸಿದ್ದ ಪರೋಟ ವಿಲ್ಫ್ರೆಡನ ಕೈಯಲ್ಲೇ ಉಳಿಯಿತು.

“ಪೊರ್ಬುಗಳೇ, ಅಕ್ಕ ಬಂದ್ರಾ?”

ಉತ್ತರ ಕೊಟ್ಟವಳು ಅಕ್ಕ. ಎಲ್ಲಿಂದ ಧೈರ್ಯ ಬಂತೋ, ಗೋಡೆ ಹಿಡಿದು ಎದ್ದು ನಿಂತು, “ಬಂದೆ ಮರಿಯಮಕ್ಕ. ನಾನೇ,” ಎಂದಳು.

ಮುದುಕಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ, ಅವಸರವಿಲ್ಲದೆ. “ತಮ್ಮನ ಮೂಗೇ ಉಂಟು,” ಎಂದರು. “ತುಂಬ ತಡ ಮಾಡಿದ್ರಿ. ಬನ್ನಿ.”

ಆಮೇಲೆ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಲ್ಕನಿಗೆ, ಮುಂದೆ ಅವರು, ಹಿಂದೆ ಅಕ್ಕ. ಕಿಟಕಿಗೆ ಎಷ್ಟು ಬಟ್ಟೆ ಬೇಕು, ಗೀಸರು ಎಷ್ಟು ಹೊತ್ತು ಹಾಕಬೇಕು, ಪಾರಿವಾಳ ಗೂಡು ಕಟ್ಟದ ಹಾಗೆ ಏನು ಮಾಡಬೇಕು... ಹೇಳಿ ಮುಗಿಸಿ ಅವರು ಹೊರಡಲು ತಿರುಗಿದಾಗ ವಿಲ್ಫ್ರೆಡ್ ಎದ್ದು ಬಂದ.

“ಮರಿಯಮಕ್ಕ, ಆ ದಿನ ನಾನು ಸುಳ್ಳು ಹೇಳಿದ್ದು. ಅಕ್ಕನಿಗೆ ಅಂತ ಅಲ್ಲ. ಬಾಡಿಗೆಯ ಆಸೆಗೆ.”

ಅವರು ತಲೆಯ ಬಟ್ಟೆ ಸರಿಮಾಡಿಕೊಂಡರು.

“ಗೊತ್ತುಂಟು,” ಎಂದರು. “ಈಗ ಬಂದ್ರಲ್ಲ. ಸಾಕು.”

ಹೊರಗೆ ಬಾಂಗು ಶುರುವಾಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಆ ರಾತ್ರಿ ವಿಲ್ಫ್ರೆಡ್ ಅಬುಧಾಬಿಗೆ ಹೋಗಿ, ಇನ್ನು ಆ ಮನೆಯಿಂದ ಬಾಡಿಗೆ ಬರುವುದಿಲ್ಲವೆಂದು ಹೆಂಡತಿಗೆ ಹೇಳಿದ. ಗ್ರೇಸಿ ಜಗಳ ಮಾಡುತ್ತಾಳೆಂದು ಹೆದರಿದ್ದ. ಅವಳು ಎಲ್ಲ ಕೇಳಿ, “ನಾನು ಆವತ್ತೇ ಹೇಳ್ಬೇಕಿತ್ತು, ಬಾಯ್ತೆರೆಯದ್ದು ನನ್ನ ತಪ್ಪು,” ಎಂದಷ್ಟೇ ಹೇಳಿ, ಮರುದಿನ ಎರಡು ಹೊಸ ದಿಂಬು ಕೊಂಡುತಂದಳು. ವಾರದೊಳಗೆ ಮಗ್ದಲೀನ್ ಮೇಲಿನ ಮಂಚದಿಂದ ಕೊನೆಯ ಬಾರಿ ಇಳಿದು ಇಲ್ಲಿಗೆ ಬಂದಳು. ವಿಲ್ಫ್ರೆಡ್ ಬಾಡಿಗೆ ಬೇಡವೆಂದ. ಅವಳು ಕೇಳದೆ ಕಟ್ಟಡದ ನಿರ್ವಹಣೆಯ ಖರ್ಚನ್ನು ತಾನೇ ಕೊಟ್ಟಳು. ಏಜೆಂಟಿನ ಭಾಷೆಯಲ್ಲಿ ಹೇಳುವುದಾದರೆ ಆ ಮನೆಯ ರಿಟರ್ನ್ ಸೊನ್ನೆಗೆ ಬಂದು ನಿಂತಿತು. ಆದರೆ ಶುಕ್ರವಾರ ಶುಕ್ರವಾರ ತಮ್ಮ ಬರತೊಡಗಿದ. ಅಕ್ಕ ಇಡ್ಲಿಯಂಥ ಸಾನ್ನಾ ಮಾಡುವಳು, ತಮ್ಮ ತೆಂಗಿನಕಾಯಿ ತುರಿಯುವನು. ವಿಲ್ಫ್ರೆಡನಿಗೆ ರಾತ್ರಿ ಮಾತ್ರೆಯಿಲ್ಲದೆ ನಿದ್ರೆ ಬರತೊಡಗಿತು.

“ಅದಕ್ಕೇ ಆಂಟಿ ಮನೆಯಲ್ಲಿ ಪೋರ್ಕ್ ಮಾಡುದಿಲ್ವಾ?” ಎಂದಳು ಮೆಲಿಸ್ಸಾ ನಿಧಾನವಾಗಿ.

“ಮತ್ತೆ? ಸಂಜೆಗೆ ಬರುವವರು ಮುಸ್ಲಿಮರು. ಅವರ ಎದುರು ಹಂದಿ ಬೇಯಿಸುದು ಮರ್ಯಾದೆಯಾ?”

ಪ್ಯಾಟ್ರಿಶಿಯಾ ಚಹಾ ನುಂಗಿದ ಸದ್ದು ಎಲ್ಲರಿಗೂ ಕೇಳಿಸಿತು.

“ಬಾವನನ್ನೂ ಒಮ್ಮೆ ಕರೆದಿದ್ದೆ,” ಎಂದು ಆಂಟಿ ಮುಂದುವರಿಸಿದರು. “ರಂಜಾನಿನಲ್ಲಿ. ಅಲ್ಲೇ, ಅಡುಗೆಮನೆಯ ಆ ಸ್ಟೂಲಿನ ಮೇಲೆ ಕೂತಿದ್ದ. ಅವನಿಗೆ ಏನೂ ಕಾಣ್ಲಿಲ್ಲ ಪಾಪ. ನನಗೆ ಕಾಣ್ತಿತ್ತು, ಅವರು ಅವನ ಹಿಂದೆಯೇ ನಿಂತದ್ದು. ಅವನು ಖರ್ಜೂರ ಬಾಯಿಗಿಟ್ಟವ ಹಾಗೇ ನಿಲ್ಲಿಸಿ, ‘ಇಲ್ಲಿ ಉಮ್ಮನ ತಲೆಗೆಣ್ಣೆಯ ವಾಸನೆ ಬರ್ತದೆ’ ಅಂದ. ಹೋಗುವಾಗ ಮುಖದಲ್ಲಿ ಏನೋ ಒಂದು ಸಮಾಧಾನ ಇತ್ತು. ಈಗ ಊರಲ್ಲಿ ಮದುವೆಯಾಗಿ ಸ್ವಂತ ಅಂಗಡಿ ಹಾಕಿದ್ದಾನೆ.”

“ಅಂದ್ರೆ... ಅವರು ಆಮೇಲೂ ಬರ್ತಿದ್ರು?” ಶಾನ್ ಕೇಳಿದ. ಅವನ ಸ್ವರದಲ್ಲಿ ಬ್ಯಾಂಕು ಇರಲಿಲ್ಲ.

“ಬರ್ತಿದ್ರು ಅಲ್ಲ ಮಗಾ, ಬರ್ತಾರೆ. ಮನೆಯ ವಿಷಯ ಹೇಳಿ ಮುಗೀತು, ಇನ್ನು ಬರುದಿಲ್ಲ ಅಂತ ನಾನೂ ಗ್ರಹಿಸಿದ್ದೆ. ಆದ್ರೆ ಅವರಿಗೂ ಮಾತಾಡ್ಲಿಕ್ಕೆ ಒಂದು ಜನ ಬೇಕು, ನನಗೂ ಬೇಕು.” ಆಂಟಿ ಟವೆಲನ್ನು ಪಕ್ಕಕ್ಕಿಟ್ಟರು. “ಹೋದ ತಿಂಗಳು ಅವರಿಗೆ ಹೇಳಿದೆ. ಮಾರ್ಚಿಗೆ ನನಗೆ ಅರವತ್ತು ತುಂಬ್ತದೆ, ವೀಸಾ ಮುಗೀತದೆ, ಊರಿಗೆ ಹೋಗ್ತೇನೆ ಅಂತ. ಅವರು ಕೇಳಿದ್ರು, ಹಾಗಾದ್ರೆ ಇನ್ನು ಯಾರು ಬರ್ತಾರೆ ಅಂತ. ಈ ಮನೆಯವರು ಅವರಿಗೆ ಒಮ್ಮೆ ಸುಳ್ಳು ಹೇಳಿ ಆಗಿದೆ. ಎರಡನೇ ಸಲ ಹೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಟೂರಿಸ್ಟ್‌ಗಳು ಅಂತ ಹೇಗೆ ಹೇಳುದು? ಯೋಚನೆ ಮಾಡಿ, ವಿಲ್ಫ್ರೆಡನ ಮಗಳಿಗೆ ದುಬೈಯಲ್ಲಿ ಕೆಲಸ ಆಗಿದೆ, ಅವಳೇ ಬರ್ತಾಳೆ ಅಂತ ಹೇಳಿದ್ದೇನೆ.”

ಹೊರಗೆ ಮಳೆ ಸ್ವಲ್ಪ ಇಳಿದಿತ್ತು. ಮೆಲಿಸ್ಸಾ ಅಣ್ಣನ ಮುಖ ನೋಡಿದಳು. ಅಣ್ಣ ನೆಲ ನೋಡುತ್ತಿದ್ದ.

“ಹೆದರ್ಬೇಡ,” ಎಂದರು ಆಂಟಿ, ಅವಳ ಮೊಣಕಾಲಿನ ಮೇಲೆ ಕೈಯಿಟ್ಟು. “ಅವರಿಗೆ ಈಗಾಗ್ಲೇ ನಿನ್ನ ಮೇಲೆ ಪ್ರೀತಿ ಬಂದಾಗಿದೆ. ಮೊನ್ನೆ ಕೇಳ್ತಿದ್ರು, ಆ ಹುಡುಗಿಯ ಎಡ ಭುಜದ ನೋವು ಹೇಗುಂಟು, ರಾತ್ರಿ ಆ ಕಡೆ ಮಗ್ಗುಲಾಗ್ಲಿಕ್ಕೆ ಆಗುದಿಲ್ಲ ಅಲ್ವಾ ಅಂತ...”

ಮೆಲಿಸ್ಸಾಳ ಬಲಗೈ ತಾನಾಗಿ ಎಡ ಭುಜಕ್ಕೆ ಹೋಯಿತು. ಆಂಟಿ ಅದನ್ನು ನೋಡಿದರು.

“ನಿನಗೆ ಭುಜ ನೋವು ಉಂಟಾ ಮಗಾ? ನನಗೆ ನೀನು ಹೇಳಿಯೇ ಇಲ್ಲ.”